ರೇಡಿಯೇಟರಿಗೆ ಮೆತ್ತಿದ ಹುರುಳಿ ಹೊಟ್ಟು

ತಮ್ಮಾ ಗುರಲಿಂಗ,

ಕಾರಿನ ಇಂಜಿನ್ ಬಿಚ್ಚಿಸುತ್ತೇನೆಂದು ಮಿಸ್ತ್ರಿಗೆ ಹೇಳಿದ್ದೀಯಲ್ಲ, ಅದು ಬೇಡ. ಅದು ಯಾಕೆ ಕಾದು ಬಿಸಿಯಾಗುತ್ತಿದೆ ಎಂಬುದು ನಸುಕಿನಲ್ಲಿ ಗೊತ್ತಾಯಿತು. ನೀರು ತುಂಬಿತ್ತು, ಫ್ಯಾನ್ ಬೆಲ್ಟ್ ಬಿಗಿಯಾಗಿತ್ತು, ಎಲ್ಲಿಯೂ ಸೋರಿರಲಿಲ್ಲ. ಕೊನೆಗೆ ಮುಂದಿನ ಜಾಲರಿಯೊಳಗೆ ಕೈ ಹಾಕಿದರೆ ರೇಡಿಯೇಟರಿನ ಮೈತುಂಬ ಹುರುಳಿ ಹೊಟ್ಟು. ಗಾಳಿ ಆಡದಿದ್ದರೆ ಒಳಗಿನ ನೀರು ತಣಿಯುವುದು ಹೇಗೆ?

ಮೊನ್ನೆ ಅವ್ವ ರಸ್ತೆಯ ಮೇಲೆ ಹುರುಳಿ ಹರವಿ, “ಮೋಟಾರ ಇದ್ದ ಮ್ಯಾಲ ಎತ್ತ ಯಾಕ ದಣಿಸೂದು” ಅಂದಳು. ನೀನು ಕಣದಲ್ಲಿ ಎತ್ತು ತುಳಿಸಿ ಹಂತಿ ಹೊಡೆದಂತೆ ಅದರ ಮೇಲೆ ಕಾರನ್ನು ಹಿಂದೆ ಮುಂದೆ ಓಡಿಸಿದೆ. ನಾನೂ ನಿಂತು ನಗುತ್ತಿದ್ದೆ, ಅದಕ್ಕೇ ಬೈಯುವುದಿಲ್ಲ.

ಕೈಗೆ ಬಂದಷ್ಟು ಹೊಟ್ಟು ತೆಗೆದಿದ್ದೇನೆ. ಉಳಿದದ್ದಕ್ಕೆ ಇಂಜಿನ್ನಿನ ಕಡೆಯಿಂದ ನೀರು ಹೊಡಿ. ಮುಂದಿನಿಂದ ಹೊಡೆದರೆ ಇನ್ನೂ ಒಳಗೆ ಕೂಡುತ್ತದೆ.

ಆಮೇಲೆ ಬಾಗಲಕೋಟೆ ದವಾಖಾನೆಯಿಂದ ತಂಗಿ ಸಿದ್ದವ್ವನನ್ನೂ ಕೂಸನ್ನೂ ಕರೆದುಕೊಂಡು ಬಾ. ಹಸಿ ಬಾಣಂತಿ ಬಸ್ಸಿನಲ್ಲಿ ಬರಬೇಕಾದೀತೆಂದು ನನಗೆ ನಿದ್ದೆಯೇ ಹತ್ತಿರಲಿಲ್ಲ. ಬರುವಾಗ ಕೆರೂರಿನಲ್ಲಿ ನಿಲ್ಲಿಸಿ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ನೋಡು. “ಲಗೂ ನಡಿಯೋ, ಅವ್ವ ಹಾದಿ ಕಾಯ್ತಿರ್ತಾಳ” ಎನ್ನುತ್ತಾಳೆ ನಿನ್ನ ಅಕ್ಕ. ಕೇಳಬೇಡ.

ಮಧ್ಯಾಹ್ನಕ್ಕೆ ಹೊಲದಿಂದ ಬಂದು, ಮೈ ತೊಳೆದುಕೊಂಡು ಅಂಗಳದಲ್ಲಿರುತ್ತೇನೆ. ಕೂಸನ್ನು ಮೊದಲು ನನ್ನ ಕೈಗೆ ಕೊಡು. ಅವ್ವನ ಕೈಗೆ ಹೋದರೆ ನನಗೆ ಸಿಗುವುದು ಸಂಜೆಗೇ.

ಅಮಾತೆಪ್ಪ