ಠಣ್ ಎನ್ನದ ಜಗ್ಗು

ಸಂಡರ್‌ಲೆಂಡ್
೧೨ ಅಕ್ಟೋಬರ್ ೧೯೭೮

ಪ್ರೀತಿಯ ತಂಗಿ ಡೋರೀನ್‌ಗೆ,

ನೀನೂ ಮಕ್ಕಳೂ ಸೌಖ್ಯವೆಂದು ನಂಬಿದ್ದೇನೆ. ಎರಡು ತಿಂಗಳು ಉತ್ತರ ಬರೆಯದೆ ಕುಳಿತದ್ದು ನನ್ನದೇ ತಪ್ಪು. ಮೊಣಕಾಲು ನೋವೆಂದು ಹೇಳಬಹುದಿತ್ತು, ಆದರೆ ಬರೆಯುವುದು ಮೊಣಕಾಲಿನಿಂದಲ್ಲವಲ್ಲ.

ನೇರವಾಗಿ ಕೇಳುತ್ತೇನೆ. ಸೇತುವೆಯ ಚಿತ್ರವಿರುವ ಅಮ್ಮನ ಆ ಗುಲಾಬಿ ಹೊಳಪಿನ ಪಿಂಗಾಣಿ ಜಗ್ಗನ್ನು ನೀನು ಬದಲಾಯಿಸಿದೆಯಾ?

ಕಪಾಟಿನಲ್ಲಿ ನಾನು ಕೂಡಿಟ್ಟ ಜಗ್ಗುಗಳನ್ನು ಒರೆಸುವ ಕೆಲಸ ನನ್ನ ಗಂಡ ವಿಲ್ಫ್‌ನದು. ಅವನು ತೀರಿಕೊಂಡ ಮೇಲೆ ನಾನು ಕಪಾಟನ್ನೇ ತೆರೆದಿರಲಿಲ್ಲ. ಆಗಸ್ಟ್‌ನಲ್ಲಿ ಬಂದಾಗ ನೀನೇ ತೆರೆದು, ಅದನ್ನು ಎದೆಗವಚಿಕೊಂಡು, "ಇದು ನಂಗೇ ಬರ್ಬೇಕಿತ್ತು ಕಣೇ ಅಕ್ಕ" ಎಂದೆ. ನಾನು ನಕ್ಕುಬಿಟ್ಟೆ. ನೀನು ಹೋದ ಮರುದಿನ ಹನ್ನೊಂದು ಜಗ್ಗುಗಳನ್ನೂ ಒರೆಸಿ, ಕೊಳ್ಳುವಾಗ ಮಾಡುವಂತೆ ಒಂದೊಂದರ ಅಂಚಿಗೂ ಉಗುರಿನಿಂದ ತಟ್ಟಿದೆ. ಹತ್ತು ಠಣ್ ಎಂದವು. ಅಮ್ಮನದು ಟಪ್ ಎಂದಿತು.

ಅಮ್ಮನ ಜಗ್ಗಿನ ದನಿ ನನಗೆ ಗೊತ್ತಿಲ್ಲವೇ? ಹಳೆ ಸಾಮಾನಿನ ಸಂತೆಯಲ್ಲಿ ಇಂಥವುಗಳ ನಕಲು ಬೇಕಾದಷ್ಟು ಸಿಗುತ್ತವೆ. ನೀನು ಬರುವಾಗ ಚೀಲದಲ್ಲಿ ಒಂದು ಡಬ್ಬಿ ಸ್ಕೋನ್ ತಂದಿದ್ದೆ. ಸ್ಕೋನ್ ನಾವು ತಿಂದೆವು, ಡಬ್ಬಿ ಇಲ್ಲೇ ಇದೆ. ಆದರೂ ಹೋಗುವಾಗ ಚೀಲ ಅಷ್ಟೇ ಉಬ್ಬಿತ್ತು! ಬಸ್ಸಿನಲ್ಲಿ ಅದನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡೆ, ನಾನು ನೋಡಿದೆ. ಪಕ್ಕದ ಮನೆಯ ಐವಿ, "ಸ್ವಂತ ತಂಗಿ ಮೇಲೇ ಅನುಮಾನನಾ? ನಿಂಗೇನ್ ಬಂದಿದೆ ರೋಗ?" ಎಂದಳು. ಜಗ್ಗುಗಳ ಬಗ್ಗೆ ಅವಳೇನು ಬಲ್ಲಳು.

ನಾಳೆ ಪಿಂಗಾಣಿ ರಿಪೇರಿಯ ಆಲ್ಡರ್‌ಸನ್‌ಗೆ ತೋರಿಸಿ, ನಕಲೆಂದು ಖಚಿತ ಮಾಡಿಕೊಂಡೇ ಈ ಕಾಗದವನ್ನು ಅಂಚೆಗೆ ಹಾಕುತ್ತೇನೆ. ಏನೇ ಆಗಲಿ, ದೇವರು ನಿನ್ನನ್ನೂ ಮಕ್ಕಳನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ಎನಿಡ್

ತಾ.ಕ.: ಆಲ್ಡರ್‌ಸನ್ ನೋಡಿದ ಕೂಡಲೇ ಗುರುತು ಹಿಡಿದ. "ಅಸಲೀನೇ ಇದು. ಎರಡು ಹೋಳಾಗಿತ್ತು, ನಾನೇ ಅಂಟಿಸಿ ಬಣ್ಣ ಹಚ್ಚಿದ್ದು. ಅಂಟಿಸಿದ್ದು ಮತ್ತೆ ಠಣ್ ಅನ್ನಲ್ಲ. ಏಳು ವರ್ಷ ಆಯ್ತು. ನಿಮ್ಮ ಯಜಮಾನ್ರು ಟವಲ್‌ನಲ್ಲಿ ಸುತ್ಕೊಂಡು ಬಂದಿದ್ರು. ಅವಳಿಗೆ ಮಾತ್ರ ಗೊತ್ತಾಗ್ಬಾರ್ದು ಅಂದ್ರು."

ಅದಕ್ಕೇ ಆಮೇಲೆ ಪ್ರತಿ ಭಾನುವಾರ "ನೀನು ಮುಟ್ಬೇಡ, ನಾನೇ ಒರೆಸ್ತೀನಿ" ಎನ್ನುತ್ತಿದ್ದ. ನನ್ನ ಜಗ್ಗುಗಳ ಮೇಲೆ ಅಷ್ಟು ಅಕ್ಕರೆ ಎಂದುಕೊಂಡಿದ್ದೆ. ಮೇಲೆ ಬರೆದದ್ದನ್ನು ಹರಿಯದೆ ಹಾಗೇ ಕಳುಹಿಸುತ್ತಿದ್ದೇನೆ, ಓದಿ ಬಾಯ್ತುಂಬ ಬೈದುಬಿಡು. ಜಗ್ಗನ್ನು ನೀನೇ ತೆಗೆದುಕೊಂಡು ಹೋಗು. ಮೂವತ್ತೊಂದು ವರ್ಷ ಜೊತೆಗಿದ್ದವನು, "ಕೈ ಜಾರಿ ಒಡೆದ್ಹೋಯ್ತು ಎನಿಡ್" ಎಂದು ಹೇಳಲೂ ನನಗೆ ಹೆದರಿದನಲ್ಲೇ, ಡೋರೀನ್.