ಪಾಳಿಯಲ್ಲಿ ನಿಲ್ಲುವ ಗೆಳತಿಗೆ

ಸೂಡಿ
೧೯ ಜನವರಿ ೨೦೨೬

ಗೆಳತಿ ಕಾಶೀಂಬಿಗೆ,

ಸೂಡಿಯಿಂದ ನಿನ್ನ ಕರೆವ್ವ ಬರೆಯುವುದು. ನಿನಗೂ, ನಿನ್ನ ಮಗ ಸೊಸೆಗೂ, ಈ ಪತ್ರ ನಿನಗೆ ಓದಿ ಹೇಳುತ್ತಿರುವ ಮೊಮ್ಮಗಳು ನಾಜಮೀನಳಿಗೂ ಸಂಕ್ರಾಂತಿಯ ಕುಸುರೆಳ್ಳು ಕಳಿಸಿದ್ದೇನೆ. ಎಳ್ಳು ತಿಂದು ಒಳ್ಳೆಯ ಮಾತಾಡಬೇಕಂತೆ. ಎಳ್ಳು ಮೊದಲು ತಿನ್ನು, ನನ್ನ ಮಾತಿನ ಭರವಸೆ ಕೊಡುವುದಿಲ್ಲ.

ದೀಪಾವಳಿ ಕಳೆದ ಮೇಲೆ ಬಂದ ನಿನ್ನ ಪತ್ರಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈದುಕೋ. ಕಡಲೆ ಕೀಳುವ ಗಡಿಬಿಡಿ ಇತ್ತು ಎನ್ನಬಹುದು. ಆದರೆ ಕಡಲೆ ಕಿತ್ತವಳು ಸೊಸೆ ಮಹೇಶ್ವರಿ, ನಾನು ಕಟ್ಟೆಯ ಮೇಲೆ ಕೂತು ಹಸಿ ಕಡಲೆ ತಿಂದವಳು. ಫೋನಾದರೂ ಮಾಡಬಹುದಿತ್ತು. ನಿನ್ನ ಕಿವಿಗೆ ಮುಟ್ಟುವಷ್ಟು ಕೂಗಿದರೆ ಇಡೀ ಓಣಿ ಬಂದು ನಿಲ್ಲುತ್ತದೆ, ವೋಟಿನ ಮಾತು ಕೂಗಿ ಆಡುವುದಲ್ಲ. ಅದಕ್ಕೇ ನಾಲ್ಕನೇ ಇಯತ್ತೆಯ ಈ ಸೊಟ್ಟ ಅಕ್ಷರ. ನಾಜಮೀನ ಕಾಲೇಜು ಓದಿದವಳು, ಸರಿ ಮಾಡಿಕೊಂಡು ಓದುತ್ತಾಳೆ.

ನಾವೆಲ್ಲ ಆರಾಮ, ನನ್ನ ಮಂಡಿ ಒಂದು ಬಿಟ್ಟು. ನೀವು ನರಗುಂದಕ್ಕೆ ಹೋಗುವಾಗ ಮಾರಿದ ಮನೆಯ ಮುಂದೆ ಕೊಂಡವರು ಹೊಸ ಕಟ್ಟೆ ಕಟ್ಟಿಸಿದ್ದಾರೆ. ಕೂತು ನೋಡಿದೆ. ಚಲೋ ಕಟ್ಟೆ, ಆದರೆ ಎತ್ತರ ಹೆಚ್ಚು, ಕಾಲು ನೆಲಕ್ಕೆ ಮುಟ್ಟುವುದಿಲ್ಲ. ನಿನ್ನ ಕಾಲು ಅಂತೂ ಮುಟ್ಟುವುದೇ ಇಲ್ಲ.

ಇನ್ನು ನೀನು ಕೇಳಿದ ಮಾತಿಗೆ ಬರುತ್ತೇನೆ. ವೋಟಿನ ಯಾದಿ ಹಿಡಿದು ಮನೆಮನೆಗೆ ಹೆಸರು ನೋಡುತ್ತ ಬಂದ ಟೀಚರಬಾಯಿ, 'ಅಜ್ಜಿ, ಇಲ್ಲಿದ್ದು ಇಷ್ಟು ವರ್ಷಾತು, ನಿಮ್ಮ ವೋಟು ಇನ್ನೂ ಸೂಡಿಯಾಗೈತಿ. ಇಲ್ಲಿಗೆ ತರ್ಸ್ರಿ' ಎಂದಳಂತೆ. ನಿಮ್ಮ ಮನೆಯ ಮುಂದೆ ಗಟಾರದ ನೀರು ಹೊಸ್ತಿಲು ಮುಟ್ಟುತ್ತಿದ್ದರೂ, ಹೇಳಲು ಹೋದರೆ ಆ ಓಣಿಯ ದೊಡ್ಡ ಮನುಷ್ಯ 'ನಿಮ್ಮ ಮನ್ಯಾಗ ವೋಟೆಷ್ಟು' ಎಂದು ಕೇಳಿದನಂತೆ. 'ಕರಿ, ಹೆಸರು ತರಿಸ್ಲೇನು ಬ್ಯಾಡೇನು? ನೀ ಹೇಳಿದಂಗ ಮಾಡ್ತೀನಿ' ಎಂದು ನೀನು ಬರೆಸಿದ್ದೀ.

ನನ್ನ ತಲೆಯ ಮೇಲೆ ಕಲ್ಲು ಇಟ್ಟೆ ನೋಡು. ಮದುವೆಗೆ ಮುಂಚೆ ನಿನ್ನ ಗಂಡನನ್ನು ನೋಡಿ ಹೇಳು ಎಂದು ನನ್ನನ್ನೇ ಕಳಿಸಿದ್ದೆ. ಆಗಲೂ ಹಿಂಗೇ ಮಾಡಿದ್ದೆ. ಆ ಸಲ ನನಗೆ ಸುಲಭವಿತ್ತು, ಆ ಮನುಷ್ಯ ಚಲೋ ಇದ್ದ.

ಇಲ್ಲಿಯ ಸುದ್ದಿ ಕೇಳು. ಪಂಚಾಯಿತಿ ಚುನಾವಣೆಯ ದಿನ ಇನ್ನೂ ಯಾರಿಗೂ ಗೊತ್ತಿಲ್ಲ, ಕೈ ಮುಗಿಯುವವರು ಮಾತ್ರ ಈಗಲೇ ಹೊರಟಿದ್ದಾರೆ. ಹೋದ ವಾರ ಪ್ರಬುದ್ಧ ಎಂಬ ಹುಡುಗ ಹಿಂದೊಂದು ಹಿಂಡು ಕಟ್ಟಿಕೊಂಡು ಬಂದ. ಇವನು ಹೋದ ಸಲವೂ ಬಂದಿದ್ದನೋ ಇಲ್ಲವೋ, ನನಗೆ ತಿಳಿಯಲೇ ಇಲ್ಲ. ನಿನಗೆ ಗೊತ್ತಲ್ಲ, ಆಡಿದ ಮಾತು ನಾನು ಮರೆಯುವುದಿಲ್ಲ, ಮಾರಿ ಮಾತ್ರ ನೆನಪುಳಿಯುವುದಿಲ್ಲ. ನಿನ್ನದು ಇದರ ಉಲ್ಟಾ. ನೀನು ಸೂಡಿಯಲ್ಲಿದ್ದಾಗ ಯಾವನಾದರೂ ಬಂದು ಕೈ ಮುಗಿದರೆ, ಸೆರಗು ಸರಿ ಮಾಡಿಕೊಳ್ಳುವವಳ ಹಾಗೆ ಮಾಡಿ ನನ್ನ ತೊಡೆ ಚಿವುಟುತ್ತಿದ್ದೆ. ಚಿವುಟಿದರೆ ಹಳೆಯ ಆಸಾಮಿ ಎಂದು ತಿಳಿದು ನಾನು ಅವನ ಹಳೆಯ ಮಾತು ತೆಗೆಯುತ್ತಿದ್ದೆ. ಇಬ್ಬರೂ ಕೂಡಿದರೆ ಒಂದು ನೆನಪು ಆಗುತ್ತಿತ್ತು. ಈ ಸಲ ತೊಡೆಯ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತಿದ್ದೆ.

'ಅಜ್ಜಿ, ಆಶೀರ್ವಾದ ಮಾಡ್ರಿ' ಎಂದ.

'ಆಶೀರ್ವಾದ ಪುಕ್ಕಟ ಐತಿ, ತಗೊಂಡು ಹೋಗು. ವೋಟು ಬೇಕಂದ್ರ ಕುಂದ್ರು' ಎಂದೆ. ಕೂತ. ಏನು ಮಾಡುತ್ತೀ ಎಂದು ಕೇಳಿದೆ. ಊರಿಗೆ ರೈಲು ತರಿಸುತ್ತಾನಂತೆ.

'ರೈಲು ನಿನ್ನ ಕೈಯಾಗಿಲ್ಲ ತಮ್ಮಾ. ಈ ಓಣಿ ಕಂಬದ ದೀಪ ನಿನ್ನ ಕೈಯಾಗ ಬರ್ತೈತಿ. ಅದನ್ನ ಹೇಳು.'

ಹಿಂದಿದ್ದವರು ನಕ್ಕರು. ಅವನೂ ನಕ್ಕ, ಆದರೆ ದೀಪದ ಮಾತು ಹೇಳಲಿಲ್ಲ. ಮರುದಿನ ಉಮಾ ಬಂದಳು, ಹೊಲಿಗೆ ಮಷೀನು ಇಟ್ಟುಕೊಂಡವಳು, ಅವಳೂ ನಿಲ್ಲುವವಳಿದ್ದಾಳೆ. ಕುಡಿಯುವ ನೀರಿನ ಟಾಕಿ ಯಾವಾಗ ತೊಳೆಸುತ್ತಾರೆ ಎಂದು ಕೇಳಿದೆ. 'ನನಗ ಗೊತ್ತಿಲ್ಲ ಅಮ್ಮಾ, ಕೇಳಿ ಬಂದು ಹೇಳ್ತೀನಿ' ಎಂದಳು. ಮೂರು ದಿನ ಬಿಟ್ಟು ಬಂದು ಹೇಳಿಯೂ ಹೇಳಿದಳು. ಇನ್ನೂ ಒಬ್ಬರೋ ಇಬ್ಬರೋ ಬರುವವರಿದ್ದಾರೆ, ಅವರ ಮಾತೂ ಕೇಳುತ್ತೇನೆ. ಕಡೆಗೆ ಯಾರಿಗೆ ಹಾಕುತ್ತೀ ಎಂದು ಕೇಳಬೇಡ. ಇಷ್ಟು ವರ್ಷ ಜೊತೆಗೆ ಹೋಗಿಯೂ ನೀನು ನನಗೆ ಹೇಳಿಲ್ಲ, ನಾನು ನಿನಗೆ ಹೇಳಿಲ್ಲ. ಗಂಡಂದಿರಿಗೂ ಹೇಳಿಲ್ಲ.

ಎಂಪಿ ಎಲೆಕ್ಷನ್ನಿಗೆ ನೀನು ರೋಣದಲ್ಲಿ ಬಸ್ಸು ಬದಲಿಸಿ ಆ ಬಿಸಿಲಿನಲ್ಲಿ ಬಂದದ್ದು ನೆನಪಾಗುತ್ತದೆ. ಚೀಲದಲ್ಲಿ ಒಂದು ನೀರಿನ ಬಾಟಲಿ, ಎರಡು ಮಾವಿನಕಾಯಿ. ಶಾಲೆಯ ದಾರಿಯಲ್ಲಿ ಒಬ್ಬ ಅಡ್ಡ ಬಂದು 'ಅಜ್ಜಿ, ನಮ್ಮ ಗುರುತು ಮರೀಬ್ಯಾಡ್ರಿ' ಎಂದಾಗ ನೀನು ನಿಂತು, ಅವನ ಮಾರಿ ಚೆನ್ನಾಗಿ ನೋಡಿ, 'ಇಲ್ಲಪಾ, ಮರ್ತಿಲ್ಲ. ಹೋದ ಸಲ ನಿನ್ನ ಹೆಗಲ ಮ್ಯಾಲೆ ಬ್ಯಾರೆ ಬಣ್ಣದ ಶಲ್ಲೆ ಇತ್ತು, ಅದನ್ನೂ ಮರ್ತಿಲ್ಲ' ಎಂದೆ. ಅವನು ಆಮೇಲೆ ಬೇವಿನ ಮರದ ನೆರಳಿಗೆ ಹೋದವನು ಈಚೆ ಬರಲಿಲ್ಲ. ಬಾಗಿಲಲ್ಲಿದ್ದ ಪೊಲೀಸಪ್ಪ, 'ವಯಸ್ಸಾದವ್ರು ಪಾಳಿ ನಿಲ್ಲೋದು ಬ್ಯಾಡ್ರಿ, ಮುಂದ ಬರ್ರಿ' ಎಂದು ಮರ್ಯಾದೆಯಿಂದ ಕರೆದ. ನೀನು ಅಲುಗಾಡಲಿಲ್ಲ. 'ಇಲ್ಲೇ ನಿಂದರ್ತೀವ್ರಿ ಸಾಹೇಬ್ರ. ವರ್ಷದ ಮಾತು ಬಾಕಿ ಅದಾವು' ಎಂದೆ. ನಿನ್ನ ಮೊಣಕಾಲು, ನನ್ನ ಮಂಡಿ, ಸುಡುವ ಬಿಸಿಲು. ಪಾಳಿ ಮುಂದೆ ಸರಿದಾಗಲೆಲ್ಲ ನಾವಿಬ್ಬರೂ ಹಿಂದಿನವರನ್ನು ಮುಂದೆ ಬಿಟ್ಟೆವು.

ನಿನ್ನ ಪತ್ರದ ಸುದ್ದಿ ಮಗ ಮಾಲತೇಶನಿಗೆ ಹೇಳಿದೆ. 'ಎರಡೂ ಕಡೆ ಇರಲಿ ಬಿಡವ್ವ. ಅಲ್ಲೂ ಹಾಕ್ಲಿ, ಇಲ್ಲೂ ಹಾಕ್ಲಿ. ಯಾರು ನೋಡ್ತಾರ?' ಎಂದ. ನಾನು ಹಡೆದ ಮಗನ ಬುದ್ಧಿ. ಸುಳ್ಳೇಕೆ ಹೇಳಲಿ, ಒಂದು ಗಳಿಗೆ ನನಗೂ ಆಸೆಯಾಯಿತು. ಆಮೇಲೆ, ಒಂದು ಪಂಕ್ತಿಯಲ್ಲಿ ಉಂಡು ಕೈ ತೊಳೆದು ಇನ್ನೊಂದು ಪಂಕ್ತಿಯಲ್ಲಿ ಕೂರುವವರನ್ನು ಕಂಡು ನಾವಿಬ್ಬರೂ ಎಷ್ಟು ನಕ್ಕಿದ್ದೇವೆ ಎಂದು ನೆನೆದು ಅವನ ಬಾಯಿ ಮುಚ್ಚಿಸಿದೆ.

ಆದ್ದರಿಂದ ಇದು ನನ್ನ ಮಾತು, ಗಟ್ಟಿಯಾಗಿ ಕೇಳಿಸಿಕೋ. ಹೆಸರು ನರಗುಂದಕ್ಕೆ ತರಿಸಿಕೋ. ಅರ್ಜಿ ತುಂಬಲು ನಾಜಮೀನ ಇದ್ದಾಳೆ. ಸೂಡಿಯ ಟಾಕಿಯ ನೀರು ನೀನು ಕುಡಿಯುವುದಿಲ್ಲ. ನಮ್ಮ ಕಂಬದ ದೀಪ ಹತ್ತಿದರೂ ನಿನ್ನ ಅಂಗಳಕ್ಕೆ ಬೆಳಕಾಗುವುದಿಲ್ಲ. ನೀನು ದಿನಾ ದಾಟುವುದು ಆ ಗಟಾರವನ್ನು. ನಿನ್ನ ವೋಟು ಅದರ ದಂಡೆಯ ಮೇಲೇ ಇರಬೇಕು. ಯಾವನಾದರೂ 'ವೋಟೆಷ್ಟು' ಎಂದು ಕೇಳಿದರೆ ಬೆರಳು ಮಡಚಿ ಎಣಿಸಿ ತೋರಿಸು, ಕಡೆಗೆ ನಿನ್ನ ವೋಟಿನ ಬೆರಳನ್ನೂ ತೋರಿಸು. ಎಣಿಸಿದ ಮೇಲೆ ನಿನ್ನ ಪಾಳಿ, ನೀನು ಕೇಳು.

ಹೊಸ ಊರಿನಲ್ಲಿ ಯಾರಿಗೆ ಹಾಕಲಿ ಎಂದು ಹೆದರಬೇಡ. ಬಂದವರನ್ನೆಲ್ಲ ಕೂರಿಸು, ಎಲ್ಲರಿಗೂ ಒಂದೇ ಪ್ರಶ್ನೆ ಕೇಳು. ಸೀರೆ ಕೊಟ್ಟವನದ್ದು ಬೇಡ, ನಮ್ಮವನು ಎಂದವನನ್ನೂ ಎರಡು ಸಲ ನೋಡು. ಮಾರಿ ನೀನು ನೆನಪಿಡು, ಆಡಿದ ಮಾತು ನಾಜಮೀನ ನೆನಪಿಡಲಿ. ಹಳೆಯ ಆಸಾಮಿ ಬಂದರೆ ಅವಳ ತೊಡೆ ಚಿವುಟು. ಮೆಲ್ಲಗೆ ಚಿವುಟು, ನನ್ನ ಹಾಗೆ ಎಮ್ಮೆಯ ಚರ್ಮ ಅಲ್ಲ ಆ ಹುಡುಗಿಯದು.

ಮೊಣಕಾಲಿಗೆ ಔಷಧಿ ಬಿಡಬೇಡ. ನಿನ್ನ ಮನೆ ತುಂಬಿರಲಿ, ಹೊಸ್ತಿಲು ಒಣಗಿರಲಿ, ನಾಜಮೀನಳ ಓದು ಕೈಗೆ ಹತ್ತಲಿ. ನಿನ್ನ ಅಲ್ಲಾ ನನ್ನ ಮಲ್ಲಯ್ಯ ಇಬ್ಬರೂ ನಿನ್ನನ್ನು ಕಾಯಲಿ, ಒಬ್ಬರ ಕೈಗೆ ನೀನು ಹತ್ತುವವಳಲ್ಲ.

ನಿನ್ನ
ಕರಿ

ತಾ.ಕ. — ನಾಜಮೀನ, ಇಲ್ಲಿಂದ ಮುಂದೆ ನಿನ್ನೊಬ್ಬಳಿಗೆ. ಗಟ್ಟಿಯಾಗಿ ಓದಬೇಡ. ಅಜ್ಜಿ 'ಮುಗೀತೇನು' ಎಂದರೆ ಮುಗಿಯಿತು ಅನ್ನು.

ಹಬ್ಬಕ್ಕೆ ಬಾ ಎಂದರೆ ಅವಳು ಮೊಣಕಾಲು ಎನ್ನುತ್ತಾಳೆ, ಮದುವೆಗೆ ಬಾ ಎಂದರೆ ಬಸ್ಸು ಎನ್ನುತ್ತಾಳೆ. ಮನೆ ಮಾರಿದ ಮೇಲೆ ಅವಳು ಸೂಡಿಗೆ ಬಂದದ್ದು ವೋಟಿಗೆ ಮಾತ್ರ. ನಾನು ನರಗುಂದಕ್ಕೆ ಬರಬಹುದು, ಬರುತ್ತೇನೆ ಕೂಡ. ಆದರೆ ಅಲ್ಲಿ ನಾನು ನೆಂಟಳು, ಚಹಾ ಕೊಟ್ಟು ಕುರ್ಚಿಯ ಮೇಲೆ ಕೂರಿಸುತ್ತೀರಿ. ಇಲ್ಲಿ ಅವಳು ಬಸ್ಸಿಳಿದು 'ಕರೀ' ಎಂದು ಕೂಗಿದರೆ ನಾವಿಬ್ಬರೂ ಇದೇ ಊರಿನ ಹುಡುಗಿಯರು. ಹಾಗೆ ಕೂಗುವವರು ಈಗ ಊರಲ್ಲಿ ಬೇರೆ ಯಾರೂ ಉಳಿದಿಲ್ಲ. ಹೆಸರು ತರಿಸಿಕೋ ಎಂದು ಮೇಲೆ ಬರೆಯಲು ನನಗೆ ಇಷ್ಟು ದಿನ ಹಿಡಿದದ್ದು ಕಡಲೆಯಿಂದಲ್ಲ.

ಅರ್ಜಿ ಮಾತ್ರ ತಪ್ಪದೆ ತುಂಬು, ತಡ ಮಾಡಬೇಡ. ವೋಟಿನ ದಿನ ನಾನು ಹೋಗಿಯೇ ಹೋಗುತ್ತೇನೆ. ಪೊಲೀಸಪ್ಪ ಈ ಸಲವೂ 'ಮುಂದ ಬರ್ರಿ ಅಮ್ಮಾ' ಎನ್ನುತ್ತಾನೆ. ಬೇಡ ಎನ್ನಲು ನನಗೆ ಯಾವ ನೆಪವೂ ಇಲ್ಲ, ಸೀದಾ ಹೋಗಿಬಿಡುತ್ತೇನೆ.