ಅವ್ವನ ಒಂಬತ್ತು ನಿಮಿಷ

ಕಲಬುರಗಿ
೧೩ ಸೆಪ್ಟೆಂಬರ್ ೨೦೨೪

ಅವ್ವಾ,

ಶರಣು. ನೆರೆಮನೆಯ ಮಾಣಿಕಮ್ಮತ್ತೆ ತನ್ನ ಫೋನಿನಲ್ಲಿ ನಿನ್ನ ವಿಡಿಯೊ ತೋರಿಸಿದ ದಿನ ನೀನು ನನಗೆ ಫೋನು ಮಾಡಿ, "ಊರ ಮುಂದ ನನ್ನ ನಗೆಪಾಟಲು ಮಾಡಿದ್ರಲ್ಲವಾ" ಅಂದೆ. ಕ್ಲಾಸಿನವರು ಯಾರೋ ಕಳಿಸಿರಬೇಕು ಅಂತ ನಾನು ಹೇಳಿದೆ. "ಇರ್ಲಿ ಬಿಡು" ಅಂದು ನೀನು ಫೋನು ಇಟ್ಟೆ. ಇವತ್ತಿಗೆ ಇಪ್ಪತ್ತು ದಿನ. ನನ್ನ ಫೋನು ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಅಕ್ಷರ ದೊಡ್ಡದಾಗಿ, ಸಾಲು ಬಿಟ್ಟು ಸಾಲು ಬರೆದಿದ್ದೇನೆ.

ಇಲ್ಲಿ ಏನು ಓದುತ್ತೀ ಅಂತ ನೀನು ಕೇಳಿದಾಗಲೆಲ್ಲ "ಕಂಪ್ಯೂಟರ್" ಅಂದು ಮುಗಿಸಿಬಿಡುತ್ತಿದ್ದೆ. ಬಿಡಿಸಿ ಹೇಳಿದರೆ ನಿನಗೆ ತಿಳಿಯುವುದಿಲ್ಲ ಅನ್ನುವ ಸೊಕ್ಕು. ವೆಬ್‌ಸೈಟಿನಲ್ಲಿ ಯಾವ ಮಾಹಿತಿ ಎಲ್ಲಿರಬೇಕು, ಅದಕ್ಕೆ ಏನು ಹೆಸರಿಡಬೇಕು ಅನ್ನುವುದನ್ನು ಬಳಸುವವರನ್ನು ನೋಡಿ ತೀರ್ಮಾನಿಸುವುದು, ಅದೇ ನನ್ನ ಓದು. ಈ ಸಲ ನನಗೆ ಕೊಟ್ಟದ್ದು ಶಹಾಬಾದ ಕಡೆಯ ಒಂದು ಧರ್ಮಾಸ್ಪತ್ರೆಯ ವೆಬ್‌ಸೈಟು.

ಪಂಚಮಿಗೆ ರಾವೂರಿಗೆ ಬಂದಾಗ ನಿನ್ನ ಕೈಗೆ ಫೋನು ಕೊಟ್ಟು, "ಕಣ್ಣಿನ ಡಾಕ್ಟರು ಯಾವ ವಾರ ಬರತಾರ, ಹುಡುಕು ನೋಡಮು" ಅಂದೆನಲ್ಲ, ಅದು ನಾನು ಕಟ್ಟಿದ್ದ ಆ ವೆಬ್‌ಸೈಟಿನ ಪರೀಕ್ಷೆ. ನಿನ್ನನ್ನು ಕೇಳದೆ ಇನ್ನೊಂದು ಫೋನಿನಲ್ಲಿ ವಿಡಿಯೊ ಹಿಡಿದೆ. ಒಂಬತ್ತು ನಿಮಿಷ ನೀನು ಒತ್ತಿದೆ, ಹಿಂದೆ ಬಂದೆ, ಮತ್ತೆ ಒತ್ತಿದೆ. ಕೊನೆಗೆ "ತಗೋವಾ, ನನಗ ನೀಗಂಗಿಲ್ಲ. ನಾ ಏನೂ ತಿಳೀದ ಅಡಾಣಿ ಹೆಣಮಗಳು" ಅಂತ ಫೋನನ್ನು ನನ್ನ ತೊಡೆಯ ಮೇಲಿಟ್ಟು ಒಳಗೆ ಹೋದೆ.

ಕ್ಲಾಸಿನಲ್ಲಿ ಅದನ್ನು ಹಾಕಿದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ, ಅವ್ವಾ. ನಗದೆ ಇದ್ದವರು ನಮ್ಮ ಜಯಮಾಲಾ ಮೇಡಂ ಒಬ್ಬರೇ. ಅವರು ಸೇಡಂ ಕಡೆಯವರು. ಪಾಠವೆಲ್ಲ ಇಂಗ್ಲಿಷಿನಲ್ಲಿ, ಸಿಟ್ಟು ಮಾತ್ರ ನಮ್ಮ ಮಾತಿನಲ್ಲಿ.

"ಯಾಕ ನಗಾಕತ್ತೀರಿ? ಅವರಿಗೆ ಸಿಗಲಿಲ್ಲ ಅಂದ್ರ ತಪ್ಪು ಹುಡುಕಿದವರದಲ್ಲ, ಇಟ್ಟವರದು. ಭಾಗ್ಯಾ, ನೀ ಎಲ್ಲಿ ಇಟ್ಟಿದ್ದಿ?"

‘ನಮ್ಮ ಸೇವೆಗಳು’, ಅದರೊಳಗೆ ‘ವಿಭಾಗಗಳು’, ಅದರೊಳಗೆ ‘ನೇತ್ರ ವಿಭಾಗ’, ಅದರ ತಳದಲ್ಲಿ ಸಣ್ಣ ಅಕ್ಷರದಲ್ಲಿ ಡಾಕ್ಟರು ಬರುವ ವಾರವನ್ನು ಇಟ್ಟಿದ್ದೆ. "ರೂಮಿಗೆ ಹೋಗಿ ಆ ವಿಡಿಯೊ ಮತ್ತ ನೋಡು. ಫೋನ್ ನೋಡಬ್ಯಾಡ, ಅವರ ಮಾರಿ ನೋಡು" ಅಂದರು ಮೇಡಂ.

ನೋಡಿದೆ. ನಾಲ್ಕನೆಯದೋ ಐದನೆಯದೋ ಸಲಕ್ಕೆ ಕಂಡಿತು. ನೀನು ಫೋನನ್ನು ತೋಳು ಚಾಚಿ ಹಿಡಿಯುತ್ತೀ, ಆಮೇಲೆ ಮೂಗಿನ ಹತ್ತಿರ ತರುತ್ತೀ. ಪ್ರತಿ ಸಲ ಓದುವ ಮುಂಚೆ ಬಲಗಣ್ಣು ಮುಚ್ಚಿಕೊಳ್ಳುತ್ತೀ. ಅಕ್ಕನ ಬಳಗದಲ್ಲಿ ವಚನ ಓದುವುದನ್ನು ನೀನು ಬಿಟ್ಟು ವರ್ಷವಾಯಿತು. ಕೇಳಿದರೆ "ಗಂಟಲ ಬ್ಯಾನಿ" ಅನ್ನುತ್ತೀ. ತೊಗರಿಬೇಳೆ ಹಸನು ಮಾಡುವಾಗ ಹರಳನ್ನು ಬೆರಳಿನಿಂದ ಹುಡುಕುತ್ತೀ. ಇದೆಲ್ಲ ನನ್ನೆದುರಿಗೇ ನಡೆದಿತ್ತು.

ಮರುದಿನ ಆ ಆಸ್ಪತ್ರೆಗೇ ಹೋದೆ. ಒಂದೊಂದು ಚೀಟಿಯ ಮೇಲೆ ಒಂದೊಂದು ವಿಷಯ ಬರೆದು, ಸರದಿಗೆ ಕೂತ ಹೆಣ್ಣುಮಕ್ಕಳ ಮುಂದಿಟ್ಟು, ನಿಮಗೆ ಬೇಕಾದ ಹಾಗೆ ಜೋಡಿಸಿರಿ ಅಂದೆ. ಇಮಾಮ್‌ಬೀ ಅನ್ನುವ ಮುದುಕಿ ‘ನೇತ್ರ ವಿಭಾಗ’ದ ಚೀಟಿಯನ್ನು ಓದಿಸಿಕೊಂಡು ಬದಿಗೆ ಸರಿಸಿದಳು. "ಬೇಟಿ, ಇದೆಲ್ಲ ನಮಗ ತಿಳಿಯಂಗಿಲ್ಲ. ಇವತ್ತ ಯಾವ ಡಾಕ್ಟರ್ ಬಂದಾರ, ಯಾವ ಕಾಗದ ತರಬೇಕು, ಅಷ್ಟು ಮೊದಲ ಹೇಳು. ಇಲ್ಲಂದ್ರ ಚಿತ್ತಾಪುರದಿಂದ ಬಂದು ಸುಮ್ನ ಹೊಳ್ಳಿ ಹೋಗತೀವಿ" ಅಂದಳು.

ಕಟ್ಟಿದ್ದನ್ನೆಲ್ಲ ಕಿತ್ತು ಹೊಸದಾಗಿ ಕಟ್ಟಿದೆ. ಈಗ ತೆರೆದ ಕೂಡಲೇ ‘ಇವತ್ತು ಯಾರು ಬಂದಿದ್ದಾರೆ?’ ಅಂತ ದಪ್ಪ ಅಕ್ಷರದಲ್ಲಿ ಬರುತ್ತದೆ. ಮುಟ್ಟಿದರೆ ಓದಿಯೂ ಹೇಳುತ್ತದೆ. ಮೊನ್ನೆ ಇಮಾಮ್‌ಬೀ ಕಣ್ಣಿನ ಡಾಕ್ಟರು ಬರುವ ವಾರವನ್ನು ಒಂದೂವರೆ ನಿಮಿಷದಲ್ಲಿ ಹುಡುಕಿದಳು. ಗುರುವಾರ. ಆಕೆಯ ಮಗ್ಗುಲಲ್ಲೇ ಕೂತು ಬರುವ ಗುರುವಾರಕ್ಕೆ ನಿನ್ನ ಹೆಸರು ಹಚ್ಚಿದೆ: ಶರಣಬಸಮ್ಮ, ರಾವೂರ, ಬಲಗಣ್ಣು. ಇದನ್ನೂ ನಿನ್ನನ್ನು ಕೇಳದೆಯೇ ಮಾಡಿದೆ. ಪೊರೆಯಿದ್ದರೆ ತೆಗೆಯಬಹುದು, ತಡ ಮಾಡಬೇಡಿರಿ ಅಂತ ಅಲ್ಲಿನ ನರ್ಸ್ ಹೇಳಿದರು. ಬುಧವಾರ ಸಂಜೆ ಬರುತ್ತೇನೆ. ಸಿಟ್ಟಿದ್ದರೆ ಇರಲಿ, ಆದರೆ ಆಸ್ಪತ್ರೆಗೆ ಬಾ.

ನಿನ್ನ ಮಗಳು
ಭಾಗ್ಯಜ್ಯೋತಿ

ತಾ.ಕ.: ಆ ವಿಡಿಯೊ ಕ್ಲಾಸಿನವರು ಕಳಿಸಿದ್ದಲ್ಲ. ಪಂಚಮಿ ಮುಗಿಸಿ ಬಸ್ಸಿನಲ್ಲಿ ಬರುವಾಗ ನಮ್ಮೂರ ಶಾಲೆಯ ಗೆಳತಿಯರ ಗ್ರೂಪಿಗೆ ನಾನೇ ಹಾಕಿದೆ, ಪಕ್ಕದಲ್ಲಿ ನಗುವ ಮುಖ ಹಚ್ಚಿ. ಈಗ ಅಳಿಸಿದ್ದೇನೆ, ಹೋದಲ್ಲಿಗೆಲ್ಲ ಹೋಗಿಯಾಗಿದೆ. ಈ ಕಾಗದ ಓದಲು ನಿನಗೆ ತ್ರಾಸಾದರೆ ಮಾಣಿಕಮ್ಮತ್ತೆಯ ಕೈಯಲ್ಲಿ ಓದಿಸು. ತಾ.ಕ.ದ ಈ ನಾಲ್ಕು ಸಾಲನ್ನು ಕಟ್ಟೆಯ ಮೇಲೆ ಕೂತು, ಎಲ್ಲರಿಗೂ ಕೇಳುವ ಹಾಗೆ ಓದಲಿ.